ಇಪ್ಪತ್ತನಾಲ್ಕರ ಮಗ್ಗಿ

ಕುತೈಸಿಯ ಅಂಗಡಿಯೊಂದರಲ್ಲಿ ನಾನು ಬೆಳಕು ಮಾರುವವನು.
ಇಂಚಿನ ಲೆಕ್ಕ, ಹರ್ಟ್ಸಿನ ಲೆಕ್ಕ,
ಕಂತಿನ ಮೇಲೂ ಕೊಡುತ್ತೇವೆ.
ಫೆಬ್ರವರಿಯ ಮಂಗಳವಾರ, ಬಾಗಿಲೆಳೆಯುವ ಹೊತ್ತಿಗೆ
ಬಂದರು ಸೆವೆರಿಯಾನ್, ಜೊತೆಗೆ ಮೊಮ್ಮಗಳು ದಾರೇಜಾನ್,
ಇಬ್ಬರ ನಡುವೆ ಒಂದೇ ಲಕೋಟೆ.
ಏಳುನೂರು ಲಾರಿ. ನಾನ್ನೂರು ಅವರದು, ಮುನ್ನೂರು ಅವಳದು,
ಬೇಕರಿಯಲ್ಲಿ ಟ್ರೇ ತೊಳೆದದ್ದು,
ಸಣ್ಣಸಣ್ಣ ನೋಟು, ಹಿಟ್ಟಿನ ವಾಸನೆ.

"ನನಗೆ ಓಟ ಬೇಕು," ಅಂದಳು.
"ಗುಂಡು ತಾಗಿದ ಮೇಲೆ ಕಂಡರೆ ಏನು ಬಂತು?"
"ನನಗೆ ಕಪ್ಪು ಬೇಕು," ಅಂದರು ಅಜ್ಜ.
"ಬೂದಿಯಲ್ಲ. ಕಪ್ಪು."

ನಲವತ್ತೊಂದು ವರ್ಷ ಅವರು ರಿಯೋನಿ ದಂಡೆಯ ಟಾಕೀಸಿನಲ್ಲಿ
ರೀಲು ಓಡಿಸಿದವರು. ಈಗ ಅಲ್ಲಿ ಟೈಲ್ಸ್ ಮಾರುತ್ತಾರೆ.

ನಾನು ತೋರಿಸಿದ್ದು ನೂರ ಅರವತ್ತೈದರದ್ದನ್ನು.
ರಿಯಾಯಿತಿ ಇತ್ತು. ಸುಳ್ಳೇಕೆ,
ನನಗೆ ಹನ್ನೊಂದು ಲಾರಿ ಕಮಿಷನ್ನೂ ಇತ್ತು.
ಪರದೆಯ ಮೇಲೆ ಕಂಪನಿಯ ಗಿಳಿ, ಕಂಪನಿಯ ಕಿತ್ತಳೆ,
ಯಾವ ಮರವೂ ಬಿಡದ ಬಣ್ಣ.
ಹುಡುಗಿಯ ಕಣ್ಣರಳಿತು.
ಅಜ್ಜ ಗಿಳಿಯ ಕಡೆ ನೋಡಲೇ ಇಲ್ಲ.
"ದೀಪ ಆರಿಸು," ಅಂದರು.

ಇಡೀ ಅಂಗಡಿಯ ದೀಪ! ಹನ್ನೆರಡು ವರ್ಷದಲ್ಲಿ
ಗಿರಾಕಿಯೊಬ್ಬ ಇದನ್ನು ಕೇಳಿದ್ದು ಇದೇ ಮೊದಲು.
ಆರಿಸಿದೆ.
ಗಿಳಿಯನ್ನು ಓಡಿಸಿ, ಸಾಲಿನ ಎಲ್ಲ ಪರದೆಗೂ
ಬರಿಯ ಇರುಳೊಂದನ್ನು ಹಾಕಿದೆ.
ಆಗ ಕಂಡಿತು: ಇಷ್ಟು ದಿನ ಕಪ್ಪು ಎಂದು ನಾನು ಮಾರಿದ್ದೆಲ್ಲ
ನೀರು ಬೆರೆಸಿದ ಕಾಡಿಗೆ.
ಮೂಲೆಮೂಲೆಯಿಂದ ಬೆಳಕು ಸೋರಿ
ಹಳೆಗೋಡೆಯ ತೇವದ ಹಾಗೆ ಹಬ್ಬಿತ್ತು.
ಕೊನೆಯದೊಂದು ಮಾತ್ರ, ಬಾಗುಬೆನ್ನಿನದು,
ಸ್ಟ್ಯಾಂಡು ಗೀಚಿಹೋದ ಶೋಕೇಸಿನ ಪೀಸು, ನೂರ ನಲವತ್ತನಾಲ್ಕರದು,
ಇದೆಯೋ ಇಲ್ಲವೋ ಅನ್ನುವಷ್ಟು ಕತ್ತಲಾಗಿ ನಿಂತಿತ್ತು.
ಅಜ್ಜ ಅದರ ಮುಂದೆ ಟೋಪಿ ತೆಗೆದರು.

"ಬೇಡ," ಅಂದಳು ದಾರೇಜಾನ್, ಮೌಸು ಹಿಡಿದು ಒಂದು ಸುತ್ತು ಆಡಿದವಳು.
"ಕತ್ತಲಲ್ಲಿ ಯಾರಾದರೂ ಓಡಿದರೆ ಹಿಂದೆ ನರಿಬಾಲ ಎಳೆಯುತ್ತೆ.
ಅದು ನೂರ ಅರವತ್ತೈದು. ಇದು ಬರೀ..."

ಅಜ್ಜ ಬೆರಳು ಮಡಚತೊಡಗಿದರು.
ಇಪ್ಪತ್ತನಾಲ್ಕೊಂದ್ಲ, ಇಪ್ಪತ್ತನಾಲ್ಕೆರಡ್ಲ,
ಶಾಲೆಯ ಹುಡುಗನ ರಾಗದಲ್ಲಿ, ಕತ್ತಲಲ್ಲಿ, ನಿಧಾನ,
ಇಪ್ಪತ್ತನಾಲ್ಕಾರ್ಲ ನೂರ ನಲವತ್ತನಾಲ್ಕು.
"ಸೆಕೆಂಡಿಗೆ ಇಪ್ಪತ್ತನಾಲ್ಕು ಚಿತ್ರ ನನ್ನವು.
ಇದರಲ್ಲಿ ಒಂದೊಂದಕ್ಕೂ ಆರಾರು ಪಾಲು, ಶೇಷ ಸೊನ್ನೆ.
ನಿನ್ನ ನೂರ ಅರವತ್ತೈದನ್ನು ಭಾಗಿಸು, ಇಪ್ಪತ್ತೊಂದು ಉಳಿಯುತ್ತೆ.
ಆ ಇಪ್ಪತ್ತೊಂದು ಎಲ್ಲಿಗೆ ಹೋಗುತ್ತೆ?
ಪರದೆಯಲ್ಲಿ ನಡೆಯುವವನ ಕಾಲಿಗೆ ಹೋಗುತ್ತೆ. ಎಡವುತ್ತಾನೆ."
"ಯಾರಿಗೂ ಕಾಣಲ್ಲ, ಬಾಬುವಾ."
"ನನಗೆ ಕಾಣುತ್ತೆ, ಬಾಬುವಾ."

ಬಾಬುವಾ ಅಂದರೆ ನಮ್ಮಲ್ಲಿ ಅಜ್ಜ.
ಅಜ್ಜ ಮೊಮ್ಮಗುವನ್ನು ಕರೆಯುವುದೂ ಹಾಗೆಯೇ.
ಕೂಗಿದ ಹೆಸರೇ ತಿರುಗಿ ಬರುತ್ತದೆ,
ಜಗಳದಲ್ಲಿ ದೊಡ್ಡವರು ಯಾರೆಂದು ಹೊರಗಿನವರಿಗೆ ತಿಳಿಯದು.

ಆಮೇಲೆ ಅವರು ಹೇಳಿದರು, ಯಾರಿಗೆಂದಲ್ಲ:
ಒಂದು ಚಿತ್ರ ಸರಿದು ಇನ್ನೊಂದು ಬರುವಾಗ ದೀಪದ ಮುಂದೆ ಮುಚ್ಚಳ ಬೀಳುತ್ತೆ.
ಎರಡು ಗಂಟೆಯ ಸಿನಿಮಾದಲ್ಲಿ ಹೆಚ್ಚುಕಮ್ಮಿ ಒಂದು ಗಂಟೆ
ಜನ ಬರಿ ಕತ್ತಲಲ್ಲಿ ಕೂತಿರುತ್ತಾರೆ.
ಗೊತ್ತೇ ಆಗದು. ಅಳುತ್ತಾರೆ, ನಗುತ್ತಾರೆ,
ಸೂರ್ಯಕಾಂತಿ ಬೀಜ ಒಡೆಯುತ್ತಾರೆ.
"ಅರ್ಧ ದುಡಿಮೆ ನಾನು ತೋರಿಸಿದ್ದು ಕತ್ತಲನ್ನೇ.
ಅದರಲ್ಲಿ ಕಲಬೆರಕೆ ಇರಬಾರದು."

ಬೆಳಕು ಮಾರುವವನ ಬಾಯಿ ಕಟ್ಟಿತು.
ಹುಡುಗಿ ಉಗುರು ಕಚ್ಚುತ್ತ
ಆ ನರಿಬಾಲವನ್ನೇ ಮತ್ತೊಂದು ಸಲ ನೋಡಿದಳು.
"ಬಾಲ ಕಂಡರೆ," ಅಂದಳು ಕೊನೆಗೆ,
"ನರಿ ಯಾವ ಕಡೆ ಹೋಯಿತು ಅಂತಲಾದರೂ ತಿಳಿಯುತ್ತೆ."

ಗೀಚಿದ ಸ್ಟ್ಯಾಂಡಿಗೆಂದು ನಲವತ್ತು ಲಾರಿ ಇಳಿಸಿದೆ.
ನನ್ನ ಹನ್ನೊಂದು ಹೋಯಿತು.

ಶನಿವಾರ ಅಜ್ಜ ಒಬ್ಬರೇ ಬಂದರು.
ಇಯರ್‌ಫೋನಿಗೆ ಐದು ಮೀಟರಿನ ವಯರು ಬೇಕಂತೆ.
ಇರುವುದೊಂದೇ ಕೋಣೆ. ಮೇಜಿನೆದುರು ಅವಳು,
ಹಿಂದಿನ ಗೋಡೆಗೊರಗಿ ಮಂಚದ ಮೇಲೆ ಇವರು,
ಆಪರೇಟರನ ಜಾಗ.
"ಸಿನಿಮಾ ನೋಡೋದಕ್ಕಾ?" ಕೇಳಿದೆ.
"ಅವಳ ಆಟ ನೋಡೋದಕ್ಕೆ.
ಕಥೆ ತಲೆಬುಡ ತಿಳಿಯಲ್ಲ," ಅಂದರು ಚಿಲ್ಲರೆ ಎಣಿಸುತ್ತ.
"ಆದರೆ ರಾತ್ರಿಗಳು ಚೆನ್ನಾಗಿವೆ."